ಹಡಗಿನ ಗಡಿಯಾರ, ಕೊಝುಮೆಲ್‌ನ ಕಡಲು

ಪ್ರವಾಸ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಮಗಳು, ಅಳಿಯ ಹ್ಯೂಸ್ಟನ್‌ನಲ್ಲಿದ್ದಾರೆ. ಡಿಸೆಂಬರ್‌ನಲ್ಲಿ ನಾವಿಬ್ಬರೂ ಅಲ್ಲಿಗೆ ಹೋದಾಗ ಗ್ಯಾಲ್ವೆಸ್ಟನ್ ಬಂದರಿನಿಂದ ಹೊರಡುವ ಕ್ರೂಸ್ ಹಡಗಿಗೆ ಎಲ್ಲರಿಗೂ ಟಿಕೆಟ್ ಮಾಡಿಸಿದ್ದಾರೆ. ಹಡಗು ಮೆಕ್ಸಿಕೊದ ಕೊಝುಮೆಲ್ ದ್ವೀಪದಲ್ಲಿ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ನಿಲ್ಲುತ್ತದಂತೆ. ಆ ದಿನ ದೋಣಿಯಲ್ಲಿ ಕರೆದೊಯ್ದು ಮೂರು ಕಡೆ ಸ್ನಾರ್ಕೆಲಿಂಗ್ (ಮಾಸ್ಕ್ ಹಾಕಿ, ಕೊಳವೆಯಲ್ಲಿ ಉಸಿರಾಡುತ್ತ ನೀರಿನ ಮೇಲೆ ತೇಲಿ ಮೀನು ನೋಡುವುದು) ಮಾಡಿಸುವ ಪ್ರವಾಸಕ್ಕೆ ಹೋಗೋಣವೆಂದು ಅಳಿಯಂದಿರ ಆಸೆ. ನನಗೆ 61, ನಮ್ಮ ಯಜಮಾನರಿಗೆ 67 ವರ್ಷ. ಅವರಿಗೆ ಬಿ.ಪಿ. ಇದ್ದು, ಮಾತ್ರೆಯಿಂದ ಹತೋಟಿಯಲ್ಲಿದೆ. ಇಬ್ಬರಿಗೂ ಈಜು ಬಾರದು, ಮೇಲಾಗಿ ಸಸ್ಯಾಹಾರಿಗಳು. ನಾವು ನೀರಿಗಿಳಿಯಬಹುದೆ? ಹಡಗಿನವರ ಮೂಲಕವೇ ಬುಕ್ ಮಾಡಬೇಕೆ, ಹೊರಗೆ ಅಗ್ಗವಾಗಿ ಸಿಗುವುದನ್ನು ನಂಬಬಹುದೆ?
– ಗೃಹಿಣಿ, ಜಯನಗರ

ಉತ್ತರ: ವೈದ್ಯರು ಒಪ್ಪಿದರೆ ಖಂಡಿತ ಇಳಿಯಬಹುದು. ಆದರೆ ಮೂರು ಕಡೆ ನಿಲ್ಲುವ ದೋಣಿ ನಿಮ್ಮಿಬ್ಬರಿಗೆ ಬೇಡ. ಪಲಂಕಾರ್‌ನಂತಹ ಹವಳದಿಬ್ಬಗಳಿಗೆ ಹೋಗುವ ದೋಣಿಗಳು ಆಳ ನೀರಿನಲ್ಲಿ ನಿಂತು ಪ್ರಯಾಣಿಕರನ್ನು ನೇರವಾಗಿ ಕಡಲಿಗೆ ಇಳಿಸುತ್ತವೆ. ಕೊಝುಮೆಲ್‌ನ ಪಶ್ಚಿಮ ದಡದ ಉದ್ದಕ್ಕೂ ಸಾಮಾನ್ಯವಾಗಿ ದಕ್ಷಿಣದಿಂದ ಉತ್ತರಕ್ಕೆ ಸೆಳೆತವಿರುವುದರಿಂದ ಅಲ್ಲಿ ಸ್ನಾರ್ಕೆಲಿಂಗ್ ಎಂದರೆ ಹರಿವಿನೊಂದಿಗೆ ತೇಲುತ್ತ ಸಾಗುವುದು, ದೋಣಿ ಹಿಂದಿನಿಂದ ಬಂದು ಹತ್ತಿಸಿಕೊಳ್ಳುವುದು. ಈಜು ಬಲ್ಲವರಿಗೆ ಇದು ಸೊಗಸು. ಈಜು ಬಾರದವರಿಗೆ ಮೊದಲ ಐದು ನಿಮಿಷ ಹೆದರಿಕೆಯಲ್ಲೇ ಕಳೆದುಹೋಗುತ್ತದೆ, ಮೀನು ಕಾಣುವುದೇ ಇಲ್ಲ. ಮಗಳು, ಅಳಿಯ ಇಬ್ಬರೇ ದೋಣಿಯಲ್ಲಿ ಹೋಗಿಬರಲಿ, ಅಥವಾ ಅವರೂ ನಿಮ್ಮೊಂದಿಗೆ ದಡದಿಂದಲೇ ಇಳಿಯಲಿ.

ದಡದಿಂದ ಇಳಿಯುವುದಕ್ಕೆ ಕೊಝುಮೆಲ್ ಅನುಕೂಲವಾದ ಜಾಗ. ಹಡಗುಕಟ್ಟೆಗಳಿರುವುದೂ ಸ್ಯಾನ್ ಮಿಗೆಲ್ ಪಟ್ಟಣವಿರುವುದೂ ಪಶ್ಚಿಮಕ್ಕೆ, ಮುಖ್ಯಭೂಮಿಯ ಕಡೆಗೆ. ಹಾಗಾಗಿ ಅಲ್ಲಿಯ ನೀರು ಬಹುತೇಕ ಶಾಂತ. ತೆರೆದ ಕೆರಿಬಿಯನ್ ಕಡಲಿಗೆ ಮುಖಮಾಡಿರುವ ಪೂರ್ವ ದಡ ನೋಡಲು ಚೆಂದವಾದರೂ ಅಲೆ, ಸೆಳೆತ ಜೋರಾಗಿರುವುದರಿಂದ ನೀವು ಅಲ್ಲಿ ಪಾದ ತೋಯಿಸಿದರೆ ಸಾಕು. ಪಶ್ಚಿಮ ದಡದಲ್ಲಿ, ಕಟ್ಟೆಗಳಿಂದ ದಕ್ಷಿಣಕ್ಕೆ ಟ್ಯಾಕ್ಸಿಯಲ್ಲಿ ಸ್ವಲ್ಪ ಹೊತ್ತಿನ ದಾರಿಯಲ್ಲಿ ಚಂಕನಾಬ್ ಉದ್ಯಾನವಿದೆ. ಅಲ್ಲಿ ಮೆಟ್ಟಿಲು ಹಿಡಿದು ನೀರಿಗಿಳಿಯಬಹುದು, ತೇಲಲು ನೆರವಾಗುವ ಜಾಕೆಟ್ ಸಿಗುತ್ತದೆ, ಕಾವಲಿನವರಿರುತ್ತಾರೆ, ಕುಳಿತುಕೊಳ್ಳಲು ನೆರಳಿದೆ. ನೀವು ಹೋಗುವ ವಾರದ ದಿನ ಅದು ತೆರೆದಿರುತ್ತದೆಯೆ ಎಂದು ಮೊದಲೇ ನೋಡಿಕೊಳ್ಳಿ. ಟ್ಯಾಕ್ಸಿಗಳಿಗೆ ಮೀಟರ್ ಇಲ್ಲ, ದರ ನಿಗದಿಯಾಗಿರುತ್ತದೆ. ಹತ್ತುವ ಮುಂಚೆ ಎಷ್ಟೆಂದು, ಅದು ತಲೆಗೋ ಗಾಡಿಗೋ ಎಂದು ಕೇಳಿಕೊಳ್ಳಬೇಕು. ನಮ್ಮ ಮೆಜೆಸ್ಟಿಕ್‌ನಲ್ಲಿ ಆಟೊ ಹಿಡಿದು ಅಭ್ಯಾಸವಿರುವವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.

ಇನ್ನು ಬುಕಿಂಗ್. ಹಡಗಿನವರು ಮಾರುವ ಪ್ರವಾಸ ದುಬಾರಿ ನಿಜ, ಆದರೆ ಆ ಪ್ರವಾಸದಿಂದಲೇ ತಡವಾದರೆ ಹಡಗು ಕಾಯುತ್ತದೆ, ಇಲ್ಲವೆ ಮುಂದಿನ ವ್ಯವಸ್ಥೆಯನ್ನು ಅವರೇ ಮಾಡುತ್ತಾರೆ. ಸ್ವಂತವಾಗಿ ಹೋದವರಿಗೆ ಹಡಗು ಕಾಯುವುದಿಲ್ಲ. ಹತ್ತಿರದ ದಡಕ್ಕೆ ಟ್ಯಾಕ್ಸಿಯಲ್ಲಿ ಹೋಗಿಬರುವವರಿಗೆ ಈ ಭಯ ಕಡಿಮೆ; ಹಾಗಾಗಿ ನಿಮ್ಮಿಬ್ಬರ ಮಟ್ಟಿಗೆ ಹೊರಗಿನ ಏರ್ಪಾಡೇ ಸಾಕು ಎಂಬುದು ನನ್ನ ಅಭಿಪ್ರಾಯ. ಸಂಜೆ 5ಕ್ಕೆ ಹಡಗು ಹೊರಡುತ್ತದೆ ಎಂದರೆ ಎಲ್ಲರೂ ಒಳಗಿರಬೇಕಾದ ಹೊತ್ತು ಸಾಮಾನ್ಯವಾಗಿ ಅರ್ಧ ಗಂಟೆ ಮೊದಲು, ಕೆಲವು ಹಡಗುಗಳಲ್ಲಿ ಅದಕ್ಕಿಂತಲೂ ಬೇಗ. ಹಡಗಿನವರು ಕೊಡುವ ಆ ದಿನದ ಕಾರ್ಯಕ್ರಮಪಟ್ಟಿಯಲ್ಲಿ ಅದು ಇರುತ್ತದೆ. ಬೆಳಿಗ್ಗೆ ಇಳಿಯುವ ಸಾಲು, ಉದ್ದನೆಯ ಕಟ್ಟೆಯ ಮೇಲಿನ ನಡಿಗೆ, ಟ್ಯಾಕ್ಸಿ ಇವೆಲ್ಲ ಕಳೆದು ದಡದಲ್ಲಿ ನಿಮಗೆ ಉಳಿಯುವುದು ನಾಲ್ಕು ಗಂಟೆ, ಹೆಚ್ಚೆಂದರೆ ಐದು. ತಲುಪಿದ ಕೂಡಲೇ ನೀರಿಗಿಳಿಯಿರಿ, ಊಟ ಆಮೇಲಾಗಲಿ.

ಕಾಲದ ಲೆಕ್ಕದಲ್ಲಿ ಇನ್ನೊಂದು ತೊಡಕಿದೆ. ಕೊಝುಮೆಲ್ ಸೇರಿರುವ ಕಿಂತಾನ ರೋ ರಾಜ್ಯ 2015ರಿಂದ ವರ್ಷವಿಡೀ ಒಂದೇ ಸಮಯವನ್ನು ಅನುಸರಿಸುತ್ತದೆ. ಅಮೆರಿಕದಂತೆ ಬೇಸಿಗೆಗೊಮ್ಮೆ, ಚಳಿಗಾಲಕ್ಕೊಮ್ಮೆ ಗಡಿಯಾರ ತಿರುಗಿಸುವುದಿಲ್ಲ. ಡಿಸೆಂಬರ್‌ನಲ್ಲಿ ನಿಮ್ಮ ಹಡಗು ಗ್ಯಾಲ್ವೆಸ್ಟನ್ ಸಮಯವನ್ನೇ ಉಳಿಸಿಕೊಂಡರೆ, ದ್ವೀಪದ ಗಡಿಯಾರ ಅದಕ್ಕಿಂತ ಒಂದು ಗಂಟೆ ಮುಂದಿರುತ್ತದೆ. ಹಿಂದಿರುಗುವಾಗ ಇದರಿಂದ ತೊಂದರೆಯಿಲ್ಲ, ಬೇಗ ಬಂದು ಕೂರುತ್ತೀರಿ ಅಷ್ಟೇ. ಪೇಚಾಗುವುದು ಬೆಳಿಗ್ಗೆ: ಅಳಿಯಂದಿರು ಸ್ಥಳೀಯ ಸಮಯ 10 ಗಂಟೆಗೆಂದು ಕಾದಿರಿಸಿದ ದೋಣಿ ಹೊರಡುವಾಗ ನಿಮ್ಮ ಹಡಗಿನಲ್ಲಿ ಇನ್ನೂ 9 ಗಂಟೆ, ಹಗ್ಗ ಕಟ್ಟುತ್ತಿರುತ್ತಾರೆ. ಮೊಬೈಲ್ ತಾನಾಗಿಯೇ ಸ್ಥಳೀಯ ಸಮಯಕ್ಕೆ ತಿರುಗಿಕೊಳ್ಳುವುದರಿಂದ ಅದನ್ನು ನೆಚ್ಚಬೇಡಿ. ಮನೆಯಲ್ಲಿ ಹಳೆಯ ಎಚ್‌ಎಂಟಿ ಕೈಗಡಿಯಾರವಿದ್ದರೆ ಹಡಗಿನ ಸಮಯಕ್ಕೆ ಸರಿಪಡಿಸಿ ಚೀಲದಲ್ಲಿಟ್ಟುಕೊಳ್ಳಿ.

ಚಳಿಗಾಲದಲ್ಲಿ ಆ ಕಡಲಿಗೆ ಆಗಾಗ ಉತ್ತರದ ಗಾಳಿ ಬೀಸುತ್ತದೆ. ಜೋರಾದ ದಿನ ಬಂದರು ಅಧಿಕಾರಿಗಳು ಸಣ್ಣ ದೋಣಿಗಳ ಸಂಚಾರವನ್ನೇ ನಿಲ್ಲಿಸುತ್ತಾರೆ. ಕೆಲವೊಮ್ಮೆ ದೊಡ್ಡ ಹಡಗೂ ಕಟ್ಟೆಗೆ ಬರದೆ ಮುಂದೆ ಹೋಗುವುದುಂಟು. ಆದ್ದರಿಂದ ಮುಂಗಡ ಹಣ ಹಿಂದಿರುಗಿಸುವ ಷರತ್ತು ಇಲ್ಲದ ಕಡೆ ಬುಕ್ ಮಾಡಬೇಡಿ.

ನಿಮ್ಮ ಯಜಮಾನರ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು. ಸ್ನಾರ್ಕೆಲ್ ಕೊಳವೆಯ ಮೂಲಕ ಉಸಿರಾಡುವಾಗ ಎದೆಗೆ ಎಂದಿಗಿಂತ ಹೆಚ್ಚು ಶ್ರಮವಾಗುತ್ತದೆ. ಹವಾಯಿಯಲ್ಲಿ ಸ್ನಾರ್ಕೆಲಿಂಗ್ ಸಾವುಗಳ ಬಗ್ಗೆ ನಡೆದ ಅಧ್ಯಯನವೊಂದು, ಕೊಳವೆಯ ತಡೆಯಿಂದ ಶ್ವಾಸಕೋಶದಲ್ಲಿ ಬೇಗನೆ ನೀರು ತುಂಬಿಕೊಳ್ಳುವ ಸ್ಥಿತಿಯತ್ತ ಬೆರಳು ತೋರಿಸಿದೆ. ಹೃದಯದ ತೊಂದರೆ ಇರುವವರಿಗೆ ಅಪಾಯ ಹೆಚ್ಚು. ಇಂಥವರು ಕೈಕಾಲು ಬಡಿದು ಕೂಗಿಕೊಳ್ಳುವುದು ಕಡಿಮೆ, ಸದ್ದಿಲ್ಲದೆ ಸುಸ್ತಾಗುತ್ತಾರೆ. ಆದ್ದರಿಂದ ಹೊರಡುವ ಮುಂಚೆ ನಿಮ್ಮ ವೈದ್ಯರ ಬಳಿ ‘ಬೀಚಿಗೆ ಹೋಗುತ್ತೇವೆ’ ಎಂದಷ್ಟೇ ಹೇಳದೆ ‘ಕೊಳವೆಯಲ್ಲಿ ಉಸಿರಾಡುತ್ತ ತೇಲುತ್ತೇವೆ’ ಎಂದು ಬಿಡಿಸಿ ಕೇಳಿ. ನೀರಿನಲ್ಲಿ ಏದುಸಿರು ಬಂದರೆ ಕಾಲು ಬಡಿಯುವುದನ್ನು ನಿಲ್ಲಿಸಿ, ಕೊಳವೆಯನ್ನು ಬಾಯಿಂದ ತೆಗೆದು, ಜಾಕೆಟ್ಟಿನ ಆಧಾರದಲ್ಲಿ ಅಂಗಾತ ತೇಲಿ ಕೈಯೆತ್ತಬೇಕು. ದಡಕ್ಕೆ ಬಂದ ಮೇಲೆ ಆ ದಿನ ಮತ್ತೆ ಇಳಿಯಬಾರದು. ಮುಖವನ್ನೆಲ್ಲ ಮುಚ್ಚುವ ಹೊಸ ಬಗೆಯ ಮಾಸ್ಕನ್ನು ನಾನು ಹಿರಿಯರಿಗೆ ಸೂಚಿಸುವುದಿಲ್ಲ, ಗಾಬರಿಯಲ್ಲಿ ಅದನ್ನು ಬೇಗ ಕಿತ್ತು ತೆಗೆಯಲಾಗುವುದಿಲ್ಲ. ದೋಣಿಯ ವಾಂತಿಗೆಂದು ನಮ್ಮ ಮನೆಗಳಲ್ಲಿ ನುಂಗುವ ಮಾತ್ರೆಗಳು ತೂಕಡಿಕೆ ತರುತ್ತವೆ. ನುಂಗಿದ ದಿನ ನೀರಿಗಿಳಿಯುವುದು ಬೇಡ. ಬಿಯರ್ ಕುಡಿದ ಮೇಲಂತೂ ಅಳಿಯಂದಿರಿಗೂ ಬೇಡ.

ಇಲ್ಲಿಂದಲೇ ಅಭ್ಯಾಸ ಮಾಡಿಕೊಂಡು ಹೋದರೆ ಅರ್ಧ ಭಯ ಕಳೆಯುತ್ತದೆ. ನಿಮಗೆ ಹತ್ತಿರದಲ್ಲೇ ಬಸವನಗುಡಿ ಅಕ್ವಾಟಿಕ್ ಸೆಂಟರ್ ಇದೆ. ಎದೆಮಟ್ಟದ ನೀರಿರುವ ಯಾವ ಕೊಳವಾದರೂ ಆದೀತು, ಅನುಮತಿ ಕೇಳಿ ಮಾಸ್ಕ್ ಹಾಕಿ ಮುಖ ಮುಳುಗಿಸಿ ಬಾಯಿಂದ ನಿಧಾನವಾಗಿ ಉಸಿರಾಡುವುದನ್ನು ಕಲಿಯಿರಿ. ಮಾಸ್ಕ್ ಸರಿಯೇ ಎಂದು ನೋಡಲು ಪಟ್ಟಿ ಕಟ್ಟದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆದುಕೊಳ್ಳಿ. ಕೈಬಿಟ್ಟರೂ ಅಂಟಿಕೊಂಡಿದ್ದರೆ ಅದು ನಿಮ್ಮ ಅಳತೆಯದು. ದಟ್ಟ ಮೀಸೆಯಿದ್ದರೆ ಅದರ ಸಂದಿನಿಂದ ನೀರು ಜಿನುಗುತ್ತದೆ. ಮೂಗಿನ ಕೆಳಗೆ ತುಸು ಕತ್ತರಿಸಿಕೊಳ್ಳುವಂತೆ ಯಜಮಾನರನ್ನು ಒಪ್ಪಿಸುವ ಹೊಣೆ ನಿಮ್ಮದು.

ಬಟ್ಟೆಗೆ ಸಂಕೋಚ ಬೇಡ. ಹತ್ತಿಯ ಚೂಡಿದಾರ ನೀರು ಕುಡಿದು ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ. ತುಂಬುತೋಳಿನ ಈಜುಬಟ್ಟೆ, ಪಾದದವರೆಗಿನ ಲೆಗಿಂಗ್ಸ್ ಮಾನಕ್ಕೂ ಬಿಸಿಲಿಗೂ ಒಳ್ಳೆಯದು, ಸನ್‌ಸ್ಕ್ರೀನನ್ನೂ ಉಳಿಸುತ್ತದೆ. ಮುಖಕ್ಕೆ ಹಚ್ಚುವುದಾದರೆ, ಹವಳಕ್ಕೆ ಹಾನಿಕರ ಎನ್ನಲಾಗುವ ಆಕ್ಸಿಬೆನ್‌ಝೋನ್, ಆಕ್ಟಿನಾಕ್ಸೇಟ್ ರಾಸಾಯನಿಕಗಳು ಇಲ್ಲದ, ಜಿಂಕ್ ಆಕ್ಸೈಡ್ ಇರುವುದನ್ನು ಕೊಳ್ಳಿ. ಕೊಝುಮೆಲ್‌ನ ಹವಳದಿಬ್ಬಗಳನ್ನು 1996ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ್ದಾರೆ. 2019ರಲ್ಲಿ ಹವಳದ ರೋಗ ಹೆಚ್ಚಾಗಿ ಕೆಲವು ಭಾಗಗಳನ್ನು ಪ್ರವಾಸಿಗರಿಗೆ ಮುಚ್ಚಿಯೂ ಇದ್ದರು. ಹವಳ ಕಲ್ಲಲ್ಲ, ಜೀವ; ಅದರ ಮೇಲೆ ಕಾಲೂರಬೇಡಿ, ನಕ್ಷತ್ರಮೀನನ್ನು ನೀರಿನಿಂದ ಎತ್ತಿ ಫೋಟೊ ತೆಗೆಸಿಕೊಳ್ಳಬೇಡಿ. ಸುಮ್ಮನೆ ತೇಲಿದರೆ ಸಾಕು, ಹಳದಿ ಬೆನ್ನಿನ ಮೇಲೆ ಕಪ್ಪು ಪಟ್ಟೆಯಿರುವ ಪುಟ್ಟ ಮೀನುಗಳು ತಾವೇ ಮುಖದ ಹತ್ತಿರ ಬರುತ್ತವೆ. ಕಿವಿ ನೀರಿನೊಳಗಿದ್ದರೆ ಗಿಳಿಮೀನು ಹವಳದ ಮೇಲಿನ ಪಾಚಿಯನ್ನು ಕೆರೆದು ತಿನ್ನುವ ಕರಕರ ಸದ್ದೂ ಕೇಳಿಸುತ್ತದೆ. ಮಾಂಗಲ್ಯ, ಬಳೆ, ಉಂಗುರಗಳನ್ನು ಹಡಗಿನ ಕೋಣೆಯ ಲಾಕರಿನಲ್ಲಿಡಿ. ನೀರಿನಲ್ಲಿ ಬೆರಳು ಮುದುಡಿ ಉಂಗುರ ಜಾರುತ್ತದೆ.

ಊಟಕ್ಕೆ ಅನ್ನ, ಬೀನ್ಸ್, ಬೆಣ್ಣೆಹಣ್ಣಿನ ಗ್ವಾಕಮೋಲೆ, ಮೆಕ್ಕೆಜೋಳದ ರೊಟ್ಟಿ ಸಿಗುತ್ತವೆ. ಅರೆದ ಬೀನ್ಸಿಗೆ ಹಂದಿಯ ಕೊಬ್ಬು ಹಾಕುವುದುಂಟು, ‘ಮಾಂತೇಕಾ?’ ಎಂದು ಕೇಳಿ. ಹಡಗಿನಿಂದ ಹಣ್ಣು, ಅಡುಗೆ ದಡಕ್ಕೆ ಒಯ್ಯಲು ಬಿಡುವುದಿಲ್ಲ. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೊಗೆ ಬೇರೆ ವೀಸಾ ಬೇಕಿಲ್ಲ. ಅದು ಹಲವು ಬಾರಿ ಪ್ರವೇಶಿಸಬಹುದಾದ ವೀಸಾ ಆಗಿರಬೇಕು, ಏಕೆಂದರೆ ನೀವು ಅಮೆರಿಕಕ್ಕೆ ಮತ್ತೆ ಮರಳುತ್ತಿದ್ದೀರಿ. ವಿಮೆ ಅಮೆರಿಕಕ್ಕಷ್ಟೇ ಸೀಮಿತವೋ, ಮೆಕ್ಸಿಕೊಗೂ ಅನ್ವಯಿಸುವುದೋ ಎಂದು ಓದಿ ನೋಡಿ.

ಪ್ರಶ್ನೆ: ನಾವು ಜುಲೈನಲ್ಲಿ ಮಯಾಮಿಯಿಂದ ಹೊರಟು ಇದೇ ಕೊಝುಮೆಲ್‌ಗೆ ಹೋಗುವವರಿದ್ದೇವೆ. ಬೇಸಿಗೆಯಲ್ಲಿ ಕಡಲ ಪಾಚಿ ತುಂಬಿರುತ್ತದೆ ಎನ್ನುತ್ತಾರೆ, ನಿಜವೆ? ನನಗೆ ಮೈನಸ್ 4 ಕನ್ನಡಕವಿದೆ, ಮೀನು ಕಾಣುತ್ತದೆಯೆ?
– ಸಾಫ್ಟ್‌ವೇರ್ ಉದ್ಯೋಗಿ, ವೈಟ್‌ಫೀಲ್ಡ್

ಉತ್ತರ: ಸರ್ಗಾಸಮ್ ಎಂಬ ಕಂದು ಪಾಚಿ ಆ ತಿಂಗಳುಗಳಲ್ಲಿ ರಾಶಿರಾಶಿಯಾಗಿ ಬರುವುದು ನಿಜ, ಆದರೆ ಅದು ಹೆಚ್ಚಾಗಿ ಅಡರುವುದು ದ್ವೀಪದ ಪೂರ್ವ ದಡಕ್ಕೆ. ನೀವು ಈಜುವ ಪಶ್ಚಿಮ ದಡಕ್ಕೆ ಅದರ ಕಾಟ ಕಡಿಮೆ.

ಪಾಚಿಗಿಂತ ಗಡಿಯಾರದ ಕಡೆ ನೀವು ಹೆಚ್ಚು ಗಮನ ಕೊಡಬೇಕು. ಬೇಸಿಗೆಯಲ್ಲಿ ಮಯಾಮಿಯ ಸಮಯ ಕೊಝುಮೆಲ್‌ಗಿಂತ ಒಂದು ಗಂಟೆ ಮುಂದಿರುತ್ತದೆ, ಅಂದರೆ ಜಯನಗರದ ಓದುಗರಿಗೆ ಹೇಳಿದ್ದರ ತಿರುವುಮುರುವು. ಹಡಗು ಮಯಾಮಿಯ ಸಮಯದಲ್ಲೇ ನಡೆಯುತ್ತಿದ್ದರೆ, ನಿಮ್ಮ ಮೊಬೈಲ್ 4 ಗಂಟೆ ತೋರಿಸುವಾಗ ಹಡಗಿನಲ್ಲಿ 5 ಆಗಿರುತ್ತದೆ, ಮೆಟ್ಟಿಲು ಎಳೆದುಕೊಂಡಿರುತ್ತಾರೆ. ಇಳಿಯುವ ಮುಂಚೆ ಬಾಗಿಲಲ್ಲಿರುವ ಸಿಬ್ಬಂದಿಯನ್ನು ‘ಈಗ ಹಡಗಿನ ಸಮಯವೆಷ್ಟು’ ಎಂದು ಕೇಳಿ ಇಳಿಯಿರಿ.

ಕನ್ನಡಕದ ಮೇಲೆ ಮಾಸ್ಕ್ ಕೂರುವುದಿಲ್ಲ, ಕಡ್ಡಿಯ ಸಂದಿನಿಂದ ನೀರು ನುಗ್ಗುತ್ತದೆ. ಪವರ್ ಇರುವ ಗಾಜಿನ ಸ್ನಾರ್ಕೆಲ್ ಮಾಸ್ಕುಗಳು ಸಿದ್ಧವಾಗಿಯೇ ಮಾರಾಟಕ್ಕಿವೆ, ಅರ್ಧ ಅಂಕದ ಅಂತರದಲ್ಲಿ ಬರುತ್ತವೆ. ನೀರಿನೊಳಗೆ ವಸ್ತುಗಳು ಸುಮಾರು ಮೂರನೇ ಒಂದರಷ್ಟು ದೊಡ್ಡದಾಗಿ, ಕಾಲುಭಾಗ ಹತ್ತಿರದಲ್ಲಿ ಕಾಣುವುದರಿಂದ ಪವರ್ ತುಸು ಕಡಿಮೆಯಿದ್ದರೂ ಸಾಗುತ್ತದೆ. ನಿಮಗೆ ಮೈನಸ್ ಮೂರೂವರೆ ಸಿಕ್ಕಿದರೂ ಕೊಳ್ಳಬಹುದು.