ಪಿ3ಎಚ್‌ಟಿ (ಕರೆಂಟ್ ಹರಿಸುವ ಒಂದು ಪಾಲಿಮರ್) ನ್ಯಾನೊಫೈಬರ್ ಒಂದೊಂದು ಬ್ಯಾಚಿಗೆ ಒಂದೊಂದು ತರ ಬರ್ತಿದೆ, ಅನಿಸೋಲ್ ಬಿಟ್ಟು ಕ್ಸೈಲೀನ್‌ಗೆ ಹೋಗ್ಲಾ?

ಬೇಡ್ರೀ, ಹೋಗಬೇಡಿ. ಪಾಲಿಮರ್ ಕರಗಿಸುವ ಸಾಲ್ವೆಂಟ್ ಬದಲಿಸಿದರೂ ಇದೇ ತೊಂದರೆ ಮತ್ತೆ ಬರುತ್ತದೆ. ವಿಜಯಪುರದ ಬೇಸಿಗೆಯಲ್ಲಿ ವಯಲ್‌ಗಳನ್ನು (ದ್ರಾವಣದ ಪುಟ್ಟ ಬಾಟಲಿ) ಟೇಬಲ್ ಮೇಲೆ ತಣ್ಣಗಾಗಲು ಬಿಡುತ್ತೇನೆ ಅಂತ ಬರೆದಿದ್ದೀರಲ್ಲ, ತೊಂದರೆ ಇರುವುದೇ ಅಲ್ಲಿ.

ನಾನು ಬೆಳಗಾವಿಯಲ್ಲಿ ಪಿಎಚ್‌ಡಿ ಮಾಡುವಾಗ ಹೀಗೇ ಮಾಡುತ್ತಿದ್ದೆ. ಅನಿಸೋಲ್‌ನಲ್ಲಿ ಪಾಲಿಮರ್ ಹಾಕಿ ಸುಮಾರು 90 ಡಿಗ್ರಿಗೆ ಕಾಯಿಸುವುದು, ಕಿತ್ತಳೆ ಬಣ್ಣದ ದ್ರಾವಣ ಆದ ಮೇಲೆ ಹಾಟ್‌ಪ್ಲೇಟಿನಿಂದ ಎತ್ತಿ ಟೇಬಲ್ ಮೇಲಿಟ್ಟು ಮನೆಗೆ ಹೋಗುವುದು. ಬೆಳಿಗ್ಗೆ ಕಡು ನೇರಳೆ. ಯುವಿ-ವಿಸಿಬಲ್ ಪರೀಕ್ಷೆಯಲ್ಲಿ (ದ್ರಾವಣ ಯಾವ ಬೆಳಕು ಎಷ್ಟು ಹೀರುತ್ತದೆ ಅಂತ ನೋಡುವುದು) 450 ನ್ಯಾನೊಮೀಟರಿನ ಗುಡ್ಡ ತಗ್ಗಿ 605ರ ಹತ್ತಿರ ಹೊಸ ಗುಡ್ಡ ಎದ್ದಿರುತ್ತಿತ್ತು. ಫೈಬರ್ ಆಯ್ತು ಅಂತ ಟ್ರಾನ್ಸಿಸ್ಟರ್ ಮಾಡುತ್ತಿದ್ದೆ. ಡಿಸೆಂಬರಿನ ರೀಡಿಂಗ್‌ಗೂ ಮೇ ತಿಂಗಳಿನದಕ್ಕೂ ತಾಳೆಯೇ ಇಲ್ಲ. ಪಾಲಿಮರ್ ಕೆಟ್ಟಿದೆ ಅಂತ ಹೊಸ ಬಾಟಲಿ ತರಿಸಿದೆವು, ಟ್ರಾನ್ಸಿಸ್ಟರ್ ಕೂರಿಸುವ ಸಿಲಿಕಾನ್ ಸರಿಯಾಗಿ ತೊಳೆದಿಲ್ಲ ಅಂತ ಅದರ ಹಿಂದೆ ಬಿದ್ದೆವು, ಹೆಚ್ಚುಕಡಿಮೆ ಒಂದು ವರ್ಷ ಹೋಯಿತು.

ಟೇಬಲ್ ಮೇಲಿಟ್ಟಿದ್ದೇ ತಪ್ಪು. ಯಾಕೆ ಅಂತ ಪೂರ್ತಿ ಹೇಳುತ್ತೇನೆ. ಪಾಲಿಮರ್ ಎಳೆಗಳು ಒಂದರ ಪಕ್ಕ ಒಂದು ಸುಮಾರು 0.38 ನ್ಯಾನೊಮೀಟರ್ ಅಂತರದಲ್ಲಿ ಪೇರಿಸಿಕೊಂಡು ಹೋದರೆ ಫೈಬರ್ ಉದ್ದ ಆಗುತ್ತದೆ. ಪೇರಿಕೆ ಶುರುವಾಗಲು ಒಂದು ಬೀಜ ಬೇಕು. ಚಳಿಗಾಲದಲ್ಲಿ, ಅದೂ ಫ್ಯಾನ್ ಕೆಳಗೆ, ದ್ರಾವಣ ಬೇಗ ತಣ್ಣಗಾದರೆ ಒಂದೇ ಸಲ ರಾಶಿ ಬೀಜ ಹುಟ್ಟಿಬಿಡುತ್ತವೆ. ಇರುವ ಪಾಲಿಮರ್ ಎಲ್ಲದಕ್ಕೂ ಹಂಚಿಹೋಗಿ ತುಂಡು ತುಂಡು ಫೈಬರ್. ಕರೆಂಟ್ ಒಂದು ತುಂಡಿನಿಂದ ಇನ್ನೊಂದಕ್ಕೆ ಹಾರುವಾಗಲೆಲ್ಲ ತಡೆ. ಮೇ ತಿಂಗಳಲ್ಲಿ ಬೇರೆಯದೇ ಕಥೆ: ರೂಮೇ ಬಿಸಿ, ಹಾಗಾಗಿ ಒಂದಷ್ಟು ಪಾಲಿಮರ್ ಕರಗಿಯೇ ಉಳಿಯುತ್ತದೆ, ಫಿಲ್ಮ್ ಎಳೆದಾಗ ಫೈಬರ್‌ಗಳ ನಡುವೆ ಅಡ್ಡಾದಿಡ್ಡಿ ಕೂರುತ್ತದೆ. ಬಣ್ಣ ಮಾತ್ರ ಎರಡೂ ಸಲ ನೇರಳೆಯೇ! ಯುವಿ ಎಳೆಗಳು ಪೇರಿಸಿಕೊಂಡಿವೆ ಅಂತ ಹೇಳುತ್ತದೆ, ಎಷ್ಟು ಉದ್ದ ಅಂತ ಹೇಳಲ್ಲ. ಅದಕ್ಕೆ ಎಎಫ್‌ಎಂ (ಸೂಜಿಮೊನೆಯಿಂದ ಮೇಲ್ಮೈ ತಡವಿ ಚಿತ್ರ ಕೊಡುವ ಮೈಕ್ರೋಸ್ಕೋಪ್) ನೋಡಲೇಬೇಕು.

ದುಬಾರಿ ಸಲಕರಣೆ ಏನೂ ಬೇಡ. ಬಿಸಿ ಇರುವಾಗಲೇ ಪಿಟಿಎಫ್‌ಇ (ಟೆಫ್ಲಾನ್) ಫಿಲ್ಟರಿನಲ್ಲಿ ಸೋಸಿ, ಕರಗದ ಚೂರು ಉಳಿದರೆ ಅದೂ ಬೀಜವೇ. ವಯಲ್ ಬಿಗಿಯಾಗಿ ಮುಚ್ಚಿ, ದ್ರಾವಣದಷ್ಟೇ ಬಿಸಿ ನೀರಿರುವ ಥರ್ಮಾಸ್‌ನಲ್ಲಿ ಇಳಿಬಿಟ್ಟು ರಾತ್ರಿಯಿಡೀ ತಣ್ಣಗಾಗಲು ಬಿಡಿ. ಕಲಕಬೇಡಿ. ಆಮೇಲೆ ಮೈಕ್ರೋಬಯಾಲಜಿಯವರನ್ನು ಕೇಳಿ ಅವರ ಬಿಒಡಿ ಇನ್‌ಕ್ಯುಬೇಟರ್‌ನಲ್ಲಿ (ಒಂದೇ ಟೆಂಪರೇಚರ್ ಕಾಯ್ದುಕೊಳ್ಳುವ ಪೆಟ್ಟಿಗೆ) 20 ಡಿಗ್ರಿಗೆ ಇಡಿ. ಪ್ರತಿ ಬ್ಯಾಚಿಗೂ ಅದೇ ಟೆಂಪರೇಚರ್, ಅಷ್ಟೇ ಹೊತ್ತು. ಕರಗಿ ಉಳಿದದ್ದನ್ನು ಸೆಂಟ್ರಿಫ್ಯೂಜ್ ಮಾಡಿ ತೆಗೆಯಿರಿ.

ಇಷ್ಟಾದರೂ ಫೈಬರ್ ಬರದಿದ್ದರೆ ಆಗ ಬಾಟಲಿಯ ಲೇಬಲ್ ನೋಡಿ. ರೀಜಿಯೊರ್‍ಯಾಂಡಮ್ ಅಂತಿದ್ದರೆ (ಎಳೆಯ ಪಕ್ಕದ ಕವಲುಗಳು ಕ್ರಮವಿಲ್ಲದೆ ಇರುವಂಥದ್ದು) ಯಾವ ಸಾಲ್ವೆಂಟ್ ಹಾಕಿದರೂ ಅದು ಸರಿಯಾಗಿ ಪೇರಿಸಿಕೊಳ್ಳಲ್ಲ, ಕವಲುಗಳು ಒಂದೇ ಕ್ರಮದಲ್ಲಿರುವ ರೀಜಿಯೊರೆಗ್ಯುಲರ್ ತರಿಸಿ. ದುಡ್ಡು ಅದಕ್ಕೆ ಹಾಕಿ, ಕ್ಸೈಲೀನ್‌ಗೆ ಬೇಡ.