ಗೀಟು ಎಳೆದ ಚೌಕ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಗಂಡ ಹೆಂಡತಿ ಇಬ್ಬರೂ ನನ್ನ ಹತ್ತಿರ ಜೆನೆಟಿಕ್ ಸಲಹೆಗೆ ಬಂದಿದ್ದರು, ಮಾತಾಡಿದ್ದು ಮಾತ್ರ ಗಂಡ. ಮಗನಿಗೆ ಐದು ತಿಂಗಳು. ಹುಟ್ಟಿದ ಕೆಲವೇ ವಾರಕ್ಕೆ ನಿಲ್ಲದ ಭೇದಿ, ಮೈಯೆಲ್ಲ ಎಕ್ಸಿಮಾ, ಆಮೇಲೆ ಸಕ್ಕರೆ ಕಾಯಿಲೆ. ಜೀನ್ ಪರೀಕ್ಷೆಯಲ್ಲಿ ಐಪೆಕ್ಸ್ ಅಂತ ಬಂದಿತ್ತು, ಮೈಯ ರಕ್ಷಣಾ ಕೋಶಗಳು ಮೈಯ ಮೇಲೇ ಬೀಳುವ ಕಾಯಿಲೆ. ಕಾರಣ ಫಾಕ್ಸ್‌ಪಿ3 ಜೀನಿನ ದೋಷ. ತಾಯಿಯಲ್ಲಿರುವ ಆ ಜೀನಿನ ಎರಡು ಪ್ರತಿಗಳಲ್ಲಿ ಒಂದರಲ್ಲೂ ಅದೇ ದೋಷ ಇತ್ತು.

ಕುಟುಂಬದ ನಕ್ಷೆ ಬರೆಯುತ್ತಿದ್ದೆ, ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. "ನಿಮಗೆ ಅಣ್ಣ ತಮ್ಮ?" ಅಂದೆ. ಆಕೆ ಮೆಲ್ಲಗೆ, "ಅಣ್ಣ ಒಬ್ಬ ಇದ್ದನಂತೆ, ಮೂರು ತಿಂಗಳಿಗೇ ಭೇದಿಯಾಗಿ ಹೋದ" ಅಂದರು. ಚೌಕಕ್ಕೆ ಅಡ್ಡ ಗೀಟು ಎಳೆದೆ. ಗಂಡ ತಕ್ಷಣ, "ಇವರ ಮನೆಯವರು ಮೊದಲೇ ಹೇಳಬೇಕಿತ್ತಲ್ವಾ ಮೇಡಂ?"

ಹೇಳೋದಕ್ಕೆ ಯಾರಿಗಾದರೂ ಗೊತ್ತಿರಬೇಕಲ್ಲ! ಆ ಮಗು ಹೋಗಿದ್ದು 1990ರ ಸುಮಾರಿಗೆ. ರಕ್ಷಣಾ ಕೋಶಗಳು ಹೀಗೆ ಮೈಯ ಮೇಲೆ ಬೀಳದ ಹಾಗೆ ತಡೆಯುವ ನಿಯಂತ್ರಕ ಟಿ ಕೋಶಗಳನ್ನು ಜಪಾನಿನ ವಿಜ್ಞಾನಿ ಸಕಾಗುಚಿ ಗುರುತು ಹಿಡಿದದ್ದು 1995ರಲ್ಲಿ. ಸ್ಕರ್ಫಿ ಅನ್ನುವ ಇಲಿ ತಳಿಯ ಗಂಡುಮರಿಗಳು ಕೆಲವೇ ವಾರಕ್ಕೆ ಸಾಯುತ್ತಿದ್ದವು, ಅದಕ್ಕೆ ಕಾರಣವಾದ ಇದೇ ಫಾಕ್ಸ್‌ಪಿ3 ಜೀನನ್ನು ಬ್ರಂಕೋ ಮತ್ತು ರಾಮ್ಸ್‌ಡೆಲ್ ತಂಡ ಪತ್ತೆ ಮಾಡಿದ್ದು 2001ರಲ್ಲಿ. ಮೂವರಿಗೂ ನೊಬೆಲ್ ಬಂದಿದ್ದು 2025ರಲ್ಲಿ. ಗಂಡನಿಗೆ ಇಷ್ಟನ್ನೂ ಹೇಳಿದೆ. ಅವರು ಸುಮ್ಮನಾದರು.

ಆಗ ಆಕೆ ಬಾಯಿಬಿಟ್ಟರು. "ನನಗೇನೂ ಆಗಿಲ್ವಲ್ಲ, ಅವನಿಗೆ ಮಾತ್ರ ಯಾಕೆ?"

"ನೀವು ವಾಹಕಿ, ದೋಷ ಹೊತ್ತಿದ್ದೀರಿ ಅಷ್ಟೇ" ಅಂದು ಮುಗಿಸಬಹುದಿತ್ತು. ಹಿಂದೆ ಹಾಗೆ ಮುಗಿಸಿದ್ದೂ ಇದೆ, ಈಗ ನಾಚಿಕೆಯಾಗುತ್ತದೆ. ರೋಗದ ಜೊತೆ ಹೊಡೆದಾಡುವ ಟಿ ಕೋಶಗಳಲ್ಲಿ ಕೆಲವು ದಾರಿ ತಪ್ಪಿ ನಮ್ಮದೇ ಕರುಳು, ಚರ್ಮದ ಮೇಲೆ ಬೀಳುತ್ತವೆ, ಅವನ್ನು ಹದ್ದುಬಸ್ತಿನಲ್ಲಿ ಇಡೋದು ನಿಯಂತ್ರಕ ಕೋಶಗಳು, ಅವು ಸರಿಯಾಗಿ ಕೆಲಸ ಮಾಡೋದಕ್ಕೆ ಫಾಕ್ಸ್‌ಪಿ3 ಬೇಕೇ ಬೇಕು. ಈ ಜೀನ್ ಇರೋದು ಎಕ್ಸ್ ಕ್ರೋಮೋಸೋಮಿನಲ್ಲಿ. ಹುಡುಗನಿಗೆ ಎಕ್ಸ್ ಒಂದೇ, ಕೆಟ್ಟರೆ ಬದಲಿ ಇಲ್ಲ. ಹೆಣ್ಣಿಗೆ ಎರಡು, ಆದರೆ ಒಂದೊಂದು ಕೋಶದಲ್ಲಿ ಒಂದೇ ಎಕ್ಸ್ ಎಚ್ಚರವಾಗಿರುತ್ತದೆ. ಒಳ್ಳೆಯ ಪ್ರತಿ ಎಚ್ಚರವಾಗಿರುವ ನಿಯಂತ್ರಕ ಕೋಶಗಳೇ ಬೆಳೆದು ಜಾಗ ತುಂಬುತ್ತವೆ, ಉಳಿದವು ಹಿಂದೆ ಬೀಳುತ್ತವೆ. "ನಿಮ್ಮ ಮೈ ನಿಮಗೇ ಗೊತ್ತಾಗದ ಹಾಗೆ ಇದನ್ನು ಸರಿ ಮಾಡಿಕೊಂಡಿತ್ತು" ಅಂದೆ. ಆಕೆ ತಮ್ಮ ಮುಂಗೈ ತಿರುಗಿಸಿ ನೋಡಿಕೊಂಡರು.

ಕೊಟ್ಟ ಸಲಹೆ ಇಷ್ಟು. ಮುಂದಿನ ಪ್ರತಿ ಗರ್ಭದಲ್ಲೂ ಗಂಡಾದರೆ ಕಾಯಿಲೆ ಬರುವ ಸಾಧ್ಯತೆ ಅರ್ಧ, ಹೆಣ್ಣಾದರೆ ವಾಹಕಿಯಾಗುವ ಸಾಧ್ಯತೆ ಅರ್ಧ. ಹೋದ ಸಲ ಹೀಗಾಯ್ತು, ಈ ಸಲ ಆಗಲ್ಲ ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ. ಸದ್ಯ ಸಿರೋಲಿಮಸ್‌ನಂಥ ಔಷಧಿಯಿಂದ ರೋಗವನ್ನು ತಡೆದಿಟ್ಟಿದ್ದಾರೆ, ಅಸ್ಥಿಮಜ್ಜೆ ಕಸಿಯ ಬಗ್ಗೆ ಡಾಕ್ಟರ ಹತ್ತಿರ ಈಗಲೇ ಮಾತಾಡಿ. ಆರು ವರ್ಷದ ಅಕ್ಕನ ಮಜ್ಜೆ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಂದಿದರೂ ಆ ಹುಡುಗಿ ವಾಹಕಿಯೋ ಅಂತ ಡಾಕ್ಟರು ನೋಡಬಹುದು. "ತಮ್ಮನನ್ನು ಉಳಿಸೋದು ನೀನೇ" ಅಂತ ಮಾತ್ರ ಆ ಮಗುವಿಗೆ ದಯವಿಟ್ಟು ಹೇಳಬೇಡಿ.

ಜಾಸ್ತಿ ಹೊತ್ತು ಹಿಡಿದದ್ದು ತಾಯಿಯ ತಂಗಿಯ ವಿಷಯ. ಹೊಸದಾಗಿ ಮದುವೆ ಆಗಿದೆ, ಈಗಲೇ ಯಾಕೆ ಹೆದರಿಸೋದು ಅಂತ ಅಕ್ಕ. ಅಣ್ಣನ ಕಥೆ ನೋಡಿದರೆ ಅಮ್ಮನೂ ವಾಹಕಿ ಇರಬಹುದು, ಹಾಗಿದ್ದರೆ ತಂಗಿಗೂ ಅರ್ಧ ಸಾಧ್ಯತೆ. ಗರ್ಭ ನಿಲ್ಲುವ ಮೊದಲೇ ತಿಳಿದರೆ ಯೋಚಿಸೋಕೆ ಸಮಯ ಇರುತ್ತದೆ. ನೀವೇ ಫೋನ್ ಮಾಡಿ, ಅತ್ತೆ ಮನೆಯವರ ಮೂಲಕ ಬೇಡ, ರಿಪೋರ್ಟಿನ ಪ್ರತಿ ಕೊಡಿ, ಪರೀಕ್ಷೆ ಬೇಕೋ ಬೇಡವೋ ತಂಗಿಯೇ ಹೇಳಲಿ ಅಂದೆ.

ಹದಿನೈದು ದಿನ ಬಿಟ್ಟು ತಂಗಿ ಬಂದರು, ಒಬ್ಬರೇ. "ಪರೀಕ್ಷೆ ಮಾಡಿಸ್ತೀನೋ ಇಲ್ವೋ ಇನ್ನೂ ಗೊತ್ತಿಲ್ಲ" ಅಂದರು. ಪರವಾಗಿಲ್ಲ, ಕೂತ್ಕೊಳ್ಳಿ ಅಂದೆ.