ಚೆಂಡಿಲ್ಲದಾಗ ಬರುವ ಬೀಸು

(ಹೆಸರು, ಊರು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಅವರು ಮೊದಲ ಸಲ ಶಿವಮೊಗ್ಗಕ್ಕೆ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದಿದ್ದು ಸೆಪ್ಟೆಂಬರ್ ಕೊನೆಯಲ್ಲಿ. ವಯಸ್ಸು 54. ಬಾಳೆಹೊನ್ನೂರಿನ ಆಚೆ ಕಾಫಿ ತೋಟ, ತಗ್ಗಿನಲ್ಲಿ ಒಂದಿಷ್ಟು ಅಡಿಕೆ. ಚಂದ್ರಣ್ಣ ಅಂತ ಕರೆಯೋಣ. ಚಿಕ್ಕಮಗಳೂರು ಹತ್ತಿರ ಇರುವಾಗ ಇಷ್ಟು ದೂರ ಯಾಕೆ ಬಂದಿರಿ ಅಂತ ಕೇಳಿದೆ.

"ಅಲ್ಲಿ ತೋರಿಸಿದ್ರೆ ಸಂಜೆ ಹೊತ್ತಿಗೆ ಕ್ಲಬ್ಬಲ್ಲಿ ಸುದ್ದಿ ಆಗ್ತದೆ ಮೇಡಂ" ಅಂದರು.

ಆಮೇಲೆ ಸುಮಾರು ಹೊತ್ತು ಕಾಫಿ ರೇಟು, ಕೂಲಿಯಾಳುಗಳ ಕಷ್ಟ, ಆನೆ ಕಾಟ ಅಂತ ಮಾತಾಡಿದರು. ಎದ್ದು ಹೊರಡುವ ಹೊತ್ತಿಗೆ, ಬಾಗಿಲ ಹತ್ತಿರ ನಿಂತು, ಕಳ್ಳತನ ಒಪ್ಪಿಕೊಳ್ಳುವವರ ಹಾಗೆ ಹೇಳಿದರು: "ನಂಗೆ ಗಾಲ್ಫ್ ಹೊಡೆಯಕ್ಕೆ ಬರ್ತಾ ಇಲ್ಲ ಮಾರಾಯ್ರೇ. ಇಪ್ಪತ್ತು ವರ್ಷ ಆಡಿದೀನಿ. ಈಗ ಬರ್ತಾ ಇಲ್ಲ."

ನನಗೆ ನಗು ಬಂತು, ನಗಲಿಲ್ಲ. ಸಾಲ, ಡೈವೋರ್ಸು, ಮಕ್ಕಳ ಓದು ಅಂತ ಬರುವವರ ನಡುವೆ ಇದೇನಪ್ಪಾ ಅಂತ ಅನ್ನಿಸಿದ್ದು ನಿಜ. ಆದರೆ ಅವರ ಕೈ ನೋಡಿದೆ. ಕಾರಿನ ಕೀಲಿಯನ್ನು ಬೆರಳು ಬಿಳಿಯಾಗುವಷ್ಟು ಬಿಗಿಯಾಗಿ ಹಿಡಿದಿದ್ದರು. ಮತ್ತೆ ಕೂರಿಸಿದೆ.

ವಿಷಯ ಇಷ್ಟು. ಎರಡು ವರ್ಷದ ಹಿಂದೆ ಒಂದು ಭಾನುವಾರ, ಮೊದಲ ಟೀಯಲ್ಲಿ, ಅಂದರೆ ಆಟ ಶುರು ಮಾಡುವ ಜಾಗದಲ್ಲಿ, ಅವರು ಹೊಡೆದ ಚೆಂಡು ನೇರ ಹೋಗದೆ ಬಲಕ್ಕೆ ತಿರುಗಿ ನಿಲ್ಲಿಸಿದ್ದ ಜೀಪಿನ ಮೇಲೆ ಬಿತ್ತು. ವರಾಂಡದಲ್ಲಿ ಕೂತು ಕಾಫಿ ಕುಡಿಯುತ್ತಿದ್ದವರು ನಕ್ಕರು. ಯಾರೂ ಕೆಟ್ಟದಾಗಿ ನಗಲಿಲ್ಲ, ಇವರೂ ನಕ್ಕರು. ಮುಂದಿನ ವಾರ ಮತ್ತೆ ಬಲಕ್ಕೆ ಹೋಯಿತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗ ರಜೆಗೆ ಬಂದಾಗ, "ಅಪ್ಪಯ್ಯ, ನಾನು ವಿಡಿಯೋ ಮಾಡ್ತೀನಿ" ಅಂತ ಮೊಬೈಲಿಗೆ ಸ್ಟ್ಯಾಂಡು ತಂದ. ನಿಧಾನಗತಿಯಲ್ಲಿ ನೋಡಿದರೆ ತಪ್ಪುಗಳಿಗೆ ಬರವಿಲ್ಲ. ಎಡ ಮೊಣಕೈ ಬಾಗುತ್ತದೆ, ಸೊಂಟ ಬೇಗ ತಿರುಗುತ್ತದೆ, ತಲೆ ಏಳುತ್ತದೆ, ಹಿಡಿತ ಸಡಿಲ. ಅದರ ಮೇಲೆ ಯೂಟ್ಯೂಬ್ ಗುರುಗಳು. ಚಂದ್ರಣ್ಣ ಒಂದು ಡೈರಿಯಲ್ಲಿ ಹನ್ನೊಂದು ಅಂಶ ಬರೆದುಕೊಂಡು, ಚೆಂಡಿನ ಮುಂದೆ ನಿಂತಾಗ ಹನ್ನೊಂದನ್ನೂ ನೆನಪಿಸಿಕೊಳ್ಳುತ್ತಿದ್ದರು.

"ನಿಂತ್ಕೊಂಡ್ರೆ ಕೈ ಕಾಲು ನಂದೇ ಅಲ್ಲ ಅನ್ನಿಸ್ತದೆ."

ಮೊದಲು ಕೇಳಬೇಕಾದ್ದನ್ನು ಕೇಳಿದೆ. ಸಹಿ ಹಾಕುವಾಗ ಕೈ ಎಳೆಯುತ್ತದೆಯಾ? ಲೋಟ ಎತ್ತುವಾಗ ನಡುಗುತ್ತದೆಯಾ? ಭುಜ ಪೂರ್ತಿ ಮೇಲೆ ಹೋಗುತ್ತದೆಯಾ? ಯಾಕೆಂದರೆ ಗಾಲ್ಫ್ ಆಡುವವರಲ್ಲಿ 'ಯಿಪ್ಸ್' ಅಂತ ಒಂದು ತೊಂದರೆ ಇದೆ. ಜಾಸ್ತಿ ಕಾಣಿಸುವುದು ಪಟ್ ಮಾಡುವಾಗ, ಅಂದರೆ ಗುಳಿಗೆ ಮೆಲ್ಲಗೆ ತಳ್ಳುವಾಗ. ಮಣಿಕಟ್ಟು ತಾನಾಗಿ ಹಾರುತ್ತದೆ. ಕೆಲವರಲ್ಲಿ ಅದು ಬರೀ ಆತಂಕ, ಇನ್ನು ಕೆಲವರಲ್ಲಿ ನರದ ತೊಂದರೆ. ಎರಡನೆಯದಾದರೆ ನನ್ನ ಮಾತಿನಿಂದ ಆಗುವುದಿಲ್ಲ, ನರರೋಗ ತಜ್ಞರೇ ನೋಡಬೇಕು. ಇವರಿಗೆ ಬರವಣಿಗೆ, ಊಟ, ಡ್ರೈವಿಂಗ್ ಯಾವುದರಲ್ಲೂ ತೊಂದರೆ ಇರಲಿಲ್ಲ. ಆದರೂ ಭುಜ, ಬಿ.ಪಿ. ಎರಡನ್ನೂ ತೋರಿಸಿಕೊಂಡು ಬನ್ನಿ ಅಂದೆ. ತೋರಿಸಿಕೊಂಡರು. ಏನೂ ಇರಲಿಲ್ಲ.

ಯಿಪ್ಸ್ ಬಂದವರಲ್ಲಿ ಜರ್ಮನಿಯ ಗಾಲ್ಫ್ ಆಟಗಾರ ಬರ್ನ್‌ಹಾರ್ಡ್ ಲ್ಯಾಂಗರ್ ಕೂಡ ಒಬ್ಬರು, ಅಷ್ಟಾದರೂ 1985 ಮತ್ತು 1993ರಲ್ಲಿ ಮಾಸ್ಟರ್ಸ್ ಅನ್ನುವ ದೊಡ್ಡ ಪಂದ್ಯಾವಳಿ ಗೆದ್ದರು ಅಂತ ಓದಿಕೊಂಡು ಹೇಳಿದೆ. ಚಂದ್ರಣ್ಣನಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ಸುಮ್ನೆ ಸಮಾಧಾನಕ್ಕೆ ಹೇಳಿದರೆ ಹೀಗೇ ಆಗುವುದು.

ಎರಡನೇ ಭೇಟಿಯನ್ನು ನಾನು ಹಾಳು ಮಾಡಿದೆ. ಮಗ, ವಿಡಿಯೋ, ತಪ್ಪು ಹುಡುಕುವುದು ಅಂದ ತಕ್ಷಣ ನನ್ನ ತಲೆ ಅಪ್ಪ–ಮಗನ ಸಂಬಂಧದ ಕಡೆ ಓಡಿತು. ತೋಟದ ಲೆಕ್ಕ ಮಗನಿಗೆ ಬಿಟ್ಟುಕೊಡಲು ಕಷ್ಟವಾ, ವಯಸ್ಸಾಯಿತು ಅನ್ನಿಸುತ್ತದಾ ಅಂತ ಮುಕ್ಕಾಲು ಗಂಟೆ ಕೆದಕಿದೆ. ಅವರು ಮರ್ಯಾದೆಗೆ ಉತ್ತರ ಕೊಟ್ಟರು. ಕೊನೆಗೆ, "ಅವನು ಒಳ್ಳೆ ಹುಡುಗ ಮೇಡಂ. ಚೆಂಡು ಬಲಕ್ಕೆ ಹೋಗೋದು ಅವನಿಂದಲ್ಲ" ಅಂದರು. ಸರಿಯಾದ ಮಾತು.

ಮೂರನೇ ಸಲ ಬುದ್ಧಿ ಬಂತು. ನನಗೆ ಗಾಲ್ಫ್ ಗೊತ್ತಿಲ್ಲ, ನೀವೇ ಕಲಿಸಿ ಅಂದೆ. ಕಾರಿನಿಂದ ಒಂದು ಕ್ಲಬ್ ತಂದರು. (ಆಡಲು ಹೋಗುವ ಜಾಗವೂ ಕ್ಲಬ್ಬೇ, ಹೊಡೆಯುವುದೂ ಕ್ಲಬ್ಬೇ. ಗೊಂದಲ ಬೇಡ, ಇನ್ನು ಮುಂದೆ ನಾನು ಕೋಲು ಅಂತಲೇ ಬರೆಯುತ್ತೇನೆ.) ನಮ್ಮ ಕಚೇರಿಯ ಹಿಂದೆ ತೆಂಗಿನ ಮರದ ಕೆಳಗೆ ಸ್ವಲ್ಪ ಜಾಗ ಇದೆ. ಅಲ್ಲಿ ನಿಂತು ತೋರಿಸಿದರು. ಚೆಂಡಿಲ್ಲ, ಬರೀ ಬೀಸು. ನೋಡಲು ಚಂದ. ಕೋಲು ಮೆಲ್ಲಗೆ ಹಿಂದೆ ಹೋಯಿತು, ಮೈ ತಿರುಗಿತು, ಸುಯ್ ಅಂತ ಕೆಳಗೆ ಬಂದು ಎಡ ಭುಜದ ಮೇಲೆ ನಿಂತಿತು. ಆಮೇಲೆ ಚೆಂಡು ಇಟ್ಟುಕೊಳ್ಳಿ, ಹೊಡೆಯಬೇಡಿ, ಬರೀ ಹೊಡೆಯುವ ಹಾಗೆ ನಿಲ್ಲಿ ಅಂದೆ. ಚೆಂಡು ಇಟ್ಟ ತಕ್ಷಣ ಅವರು ಬೇರೆ ಮನುಷ್ಯ. ಭುಜ ಕಿವಿಗೆ ಬಂತು, ದವಡೆ ಬಿಗಿಯಿತು, ಉಸಿರು ನಿಂತಿತು.

ಬೀಸು ಎಲ್ಲೂ ಕಳೆದುಹೋಗಿರಲಿಲ್ಲ. ಚೆಂಡು ಬಂದಾಗ ಹೆದರಿ ಒಳಗೆ ಹೋಗುತ್ತಿತ್ತು, ಅಷ್ಟೇ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಕೋಲು ಹಿಂದೆ ಹೋಗಿ ಚೆಂಡಿಗೆ ತಗಲುವ ತನಕ ಹಿಡಿಯುವುದು ಒಂದು ಸೆಕೆಂಡು, ಸ್ವಲ್ಪ ಹೆಚ್ಚು ಕಡಿಮೆ. ಅದರಲ್ಲಿ ಮೇಲಿನಿಂದ ಕೆಳಗೆ ಬರುವುದು ಸುಮಾರು ಕಾಲು ಸೆಕೆಂಡಿನಲ್ಲಿ. ಒಂದು ಸದ್ದು ಕೇಳಿ ಗುಂಡಿ ಒತ್ತಲಿಕ್ಕೇ ಮನುಷ್ಯನಿಗೆ ಹೆಚ್ಚೂಕಮ್ಮಿ ಅಷ್ಟು ಹೊತ್ತು ಬೇಕು. ಅಂದರೆ ಕೋಲು ಇಳಿಯುವಾಗ 'ಮೊಣಕೈ ನೇರ ಇರಲಿ' ಅಂತ ತಲೆ ಹೇಳಿದರೆ, ಆ ಮಾತು ಕೈಗೆ ಮುಟ್ಟುವಷ್ಟರಲ್ಲಿ ಚೆಂಡು ಹೋಗಿ ಆಗಿರುತ್ತದೆ. ಹನ್ನೊಂದು ಅಂಶಕ್ಕೆ ಜಾಗ ಎಲ್ಲಿ?

ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಗೇಬ್ರಿಯೆಲ್ ವುಲ್ಫ್ ಮತ್ತು ಜೊತೆಯವರು 1999ರಲ್ಲಿ ಹೊಸದಾಗಿ ಗಾಲ್ಫ್ ಕಲಿಯುವವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನಿಮ್ಮ ಕೈಯ ಚಲನೆ ಗಮನಿಸಿ ಅಂದರು, ಇನ್ನೊಂದಕ್ಕೆ ಕೋಲಿನ ಚಲನೆ ಗಮನಿಸಿ ಅಂದರು. ಕೋಲನ್ನು ಗಮನಿಸಿದವರೇ ಚೆನ್ನಾಗಿ ಹೊಡೆದರು. ಸಿಯಾನ್ ಬೈಲಾಕ್ ಮತ್ತು ಸಂಗಡಿಗರು ನುರಿತ ಆಟಗಾರರ ಮೇಲೆ ನೋಡಿದ್ದು ಇನ್ನೂ ತಮಾಷೆ. ನಿಮ್ಮ ಹೊಡೆತವನ್ನೇ ಗಮನಿಸಿ ಅಂದರೆ ಅವರ ಆಟ ಕೆಡುತ್ತದೆ, ಬೇರೇನೋ ಕೇಳಿಸಿಕೊಳ್ಳುತ್ತಾ ಹೊಡೆಯಿರಿ ಅಂದರೆ ಕೆಡುವುದಿಲ್ಲ. ಹೊಸಬರಿಗೆ ಇದು ಉಲ್ಟಾ, ಗಮನ ಬೇರೆ ಕಡೆ ಹೋದರೆ ಅವರ ಆಟ ಕೆಡುತ್ತದೆ. ಹಾಗಾಗಿ ಈ ಸಲಹೆಯನ್ನು ನಿನ್ನೆ ಮೊನ್ನೆ ಕೋಲು ಹಿಡಿದವರು ಹಾಗೇ ತೆಗೆದುಕೊಳ್ಳಬೇಡಿ. ಅವರು ಹಿಡಿತ, ನಿಲುವು ಅಂತ ಮೊದಲು ಕೋಚ್ ಹತ್ತಿರ ಕಲಿಯಲೇಬೇಕು.

ಚಂದ್ರಣ್ಣನಿಗೆ ನಾನು ಸಂಶೋಧನೆ ಹೇಳಲಿಲ್ಲ. "ತೋಟದಲ್ಲಿ ಈಗ ಏನು ಕೆಲಸ?" ಅಂತ ಕೇಳಿದೆ.

"ಕಳೆ ಹೊಡೆಸ್ತಾ ಇದೀವಿ. ಕೊಯ್ಲು ಶುರುವಾಗೋ ಮುಂಚೆ ಮುಗೀಬೇಕಲ್ಲ."

"ನಿಮಗೆ ಕಳೆ ಹೊಡೆಯೋಕೆ ಬರುತ್ತಾ?"

ಅವರಿಗೆ ಅವಮಾನವೇ ಆದ ಹಾಗಾಯಿತು. ಎಂಟನೇ ಕ್ಲಾಸಿನಿಂದ ಕತ್ತಿ ಹಿಡಿದವರಂತೆ. ಹಾಗಾದರೆ ಈ ವಾರ ಮೂರು ದಿನ, ದಿನಕ್ಕೆ ಅರ್ಧ ಗಂಟೆ ಆಳುಗಳ ಜೊತೆ ನಿಂತು ಕಳೆ ಹೊಡೆಯಿರಿ, ಕಣ್ಣು ಎಲ್ಲಿರುತ್ತೆ ಅಂತ ಮಾತ್ರ ನೋಡಿಕೊಂಡು ಬನ್ನಿ ಅಂದೆ. ಕತ್ತಿ ಬೀಸು ಒಂದು ಕೈಯದು, ಗಾಲ್ಫ್ ಎರಡು ಕೈಯದು. ಅದನ್ನು ನಕಲು ಮಾಡಲಿ ಅಂತ ನನ್ನ ಉದ್ದೇಶವಲ್ಲ. ಮೊಣಕೈಯ ಯೋಚನೆಯೇ ಇಲ್ಲದೆ ಮೈ ಕೆಲಸ ಮಾಡುವುದು ಹೇಗಿರುತ್ತದೆ ಅಂತ ಅವರಿಗೆ ಮತ್ತೆ ನೆನಪಾಗಲಿ ಅಂತ.

ಬಂದು ಹೇಳಿದರು: "ಕಣ್ಣು ಹುಲ್ಲಿನ ಬುಡದಲ್ಲೇ ಇರ್ತದೆ. ಕತ್ತಿನೂ ನೋಡಲ್ಲ, ಕೈನೂ ನೋಡಲ್ಲ. ಕಾಲು ತಾನೇ ಭಾರ ಬದಲಿಸ್ತದೆ. ರೈಟರ್ ಮಾತ್ರ, ಅಯ್ಯನಿಗೆ ಏನಾಯ್ತು ಅಂತ ಗಾಬರಿಯಾಗಿದ್ದ." (ರೈಟರ್ ಅಂದರೆ ತೋಟದ ಆಳು, ಲೆಕ್ಕ ನೋಡಿಕೊಳ್ಳುವವನು.)

ಅಲ್ಲಿಂದ ಮುಂದೆ ಕೊಟ್ಟ ಸಲಹೆಗಳು ಸಣ್ಣವು. ನಾಲ್ಕು ವಾರ ವಿಡಿಯೋ ಬೇಡ, ಡೈರಿ ಬೀರುವಿನಲ್ಲಿ ಇರಲಿ. ಕಾಫಿ ಒಣಗಿಸುವ ಕಣದಲ್ಲಿ ದಿನಾ ಬೆಳಿಗ್ಗೆ ಹತ್ತು ನಿಮಿಷ ಕೋಲನ್ನು ತಲೆಕೆಳಗೆ ಹಿಡಿದು ಬೀಸಬೇಕು. ಹಿಡಿಕೆಯ ತುದಿ ಗಾಳಿ ಸೀಳುವ ಸದ್ದು ಚೆಂಡಿರುವ ಜಾಗ ದಾಟಿದ ಮೇಲೆ ಕೇಳಬೇಕು. ಮೊದಲೇ ಕೇಳಿದರೆ ಕೈ ಆತುರಪಟ್ಟಿದೆ ಅಂತ ಅರ್ಥ. ಗಾಲ್ಫ್ ಕೋಚ್‌ಗಳು ಇದನ್ನು ಮಾಡಿಸುತ್ತಾರೆ. ನನಗೆ ಇಷ್ಟವಾಗಿದ್ದು ಕಿವಿಗೆ ಕೆಲಸ ಸಿಗುತ್ತದೆ ಅಂತ. ಜೊತೆಗೆ ಎರಡು ಪಾದ ಕೂಡಿಸಿ ನಿಂತು ಅರ್ಧ ಬೀಸು. ಜೋರು ಮಾಡಿದರೆ ಮುಗ್ಗರಿಸುತ್ತೀರಿ, ಹಾಗಾಗಿ ಮೈ ತಾನೇ ಹದ ಹುಡುಕುತ್ತದೆ.

ಮೈದಾನದಲ್ಲಿ ಹೊಡೆಯುವ ಮೊದಲು ಒಂದೇ ಕ್ರಮ. ಚೆಂಡಿನ ಹಿಂದೆ ನಿಂತು ದೂರದ ಒಂದು ಸಿಲ್ವರ್ ಓಕ್ ಮರ ಆರಿಸಿಕೊಳ್ಳುವುದು. ಆ ಸಾಲಿನಲ್ಲೇ ಚೆಂಡಿನ ಮುಂದೆ ಒಂದು ಮಾರು ದೂರದಲ್ಲಿ ಒಣ ಎಲೆಯೋ ಹುಲ್ಲಿನ ಕಲೆಯೋ ನೋಡಿಕೊಳ್ಳುವುದು. ಉದ್ದಕ್ಕೆ ಉಸಿರು ಬಿಟ್ಟು ಚೆಂಡಿನ ಹತ್ತಿರ ಬರುವುದು. ಮರ ಇನ್ನೊಂದು ಸಲ ನೋಡಿ, ಕಣ್ಣನ್ನು ಚೆಂಡಿಗೆ ತಂದು, ಹೊಡೆಯುವುದು. 2019ರ ನಿಯಮದಲ್ಲಿ 40 ಸೆಕೆಂಡಿನೊಳಗೆ ಹೊಡೆಯಿರಿ ಅಂತ ಶಿಫಾರಸು ಇದೆ ಅಂತ ಅವರೇ ಹೇಳಿದರು. ಇದಕ್ಕೆ ಅದರ ಅರ್ಧವೂ ಬೇಡ. ನಿಂತಷ್ಟೂ ಡೈರಿ ನೆನಪಾಗುತ್ತದೆ.

ಆದರೆ ಬೀಸುವ ಆ ಒಂದು ಸೆಕೆಂಡು ಮನಸ್ಸು ಎಲ್ಲಿರಬೇಕು? ಖಾಲಿ ಇರು ಅಂದರೆ ಇರುವುದಿಲ್ಲ, ಅಲ್ವಾ? ಹಿಡಿದುಕೊಳ್ಳಲು ಒಂದು ಪದ ಬೇಕಿತ್ತು. ನಾನು "ಒಂದು, ಎರಡು" ಅಂತ ಎಣಿಸಿ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಲ್ಲಿ ಒಂದು ಅನ್ನಲ್ಲ ಮೇಡಂ" ಅಂದರು. ಅವರ ಅಪ್ಪ ಕಣದಲ್ಲಿ ಕೊಳಗ ಹಿಡಿದು ಭತ್ತ ಅಳೆಯುವಾಗ ಮೊದಲ ಕೊಳಗಕ್ಕೆ "ಲಾಭ" ಅನ್ನುತ್ತಿದ್ದರು, ಆಮೇಲೆ ಎರಡು, ಮೂರು. ಕನ್ನಡ ನಾಡಿನಲ್ಲಿ ತುಂಬ ಕಡೆ ಇದ್ದ ರೂಢಿ ಅದು. ಅಪ್ಪ ಅದನ್ನು ಹೇಳುತ್ತಿದ್ದ ರಾಗ ಇವರಿಗೆ ಇನ್ನೂ ನೆನಪಿತ್ತು. "ಲಾ" ಉದ್ದ, ಕೊಳಗ ರಾಶಿಯೊಳಗೆ ಹೋಗಿ ತುಂಬಿ ಏಳುವಷ್ಟು ಉದ್ದ. "ಭ" ಅಂದಾಗ ಸುರಿದು ಆಯಿತು.

ಸರಿ, ಅದನ್ನೇ ಹೇಳಿಕೊಳ್ಳಿ ಅಂದೆ. ಕೋಲು ಹಿಂದೆ ಹೋಗುವಾಗ "ಲಾ", ಕೆಳಗೆ ಬರುವಾಗ "ಭ". ಆಮೇಲೆ ಓದಿದಾಗ ಗೊತ್ತಾಯಿತು, ಒಳ್ಳೆಯ ಆಟಗಾರರ ಬೀಸಿನಲ್ಲಿ ಹಿಂದೆ ಹೋಗುವ ಹೊತ್ತು ಕೆಳಗೆ ಬರುವ ಹೊತ್ತಿನ ಸುಮಾರು ಮೂರು ಪಟ್ಟು ಇರುತ್ತದಂತೆ. ಕೊಳಗದ ರಾಗವೂ ಹೆಚ್ಚುಕಮ್ಮಿ ಅದೇ ಲೆಕ್ಕಕ್ಕೆ ಕೂತಿತ್ತು. ಇದರಲ್ಲಿ ನನ್ನ ಜಾಣತನ ಏನೂ ಇಲ್ಲ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳಿದೆ. ಮೊದಲ ಟೀಗೆ ಹೋಗುವ ಮುಂಚೆ ಕಾರಿನಲ್ಲಿ ಒಂದು ಪೆಗ್ ಹಾಕಿಕೊಳ್ಳಲು ಶುರು ಮಾಡಿದ್ದೇನೆ, ಆಗ ಪರವಾಗಿಲ್ಲ ಅನ್ನಿಸುತ್ತದೆ ಅಂತ ನಾಲ್ಕನೇ ಭೇಟಿಯಲ್ಲಿ ಬಾಯಿಬಿಟ್ಟರು. ಪೆಗ್ ಒಳಗಿನ ಗದ್ದಲ ಸ್ವಲ್ಪ ಹೊತ್ತು ತಗ್ಗಿಸುತ್ತದೆ, ನಿಜ. ಮುಂದಿನ ತಿಂಗಳು ಅದಕ್ಕೆ ಎರಡು ಬೇಕಾಗುತ್ತದೆ. ಅಲ್ಲದೆ ಬೆಳಿಗ್ಗೆ ಏಳೂವರೆಗೆ, ಕಾರು ಓಡಿಸುವ ಮನುಷ್ಯ. ಇದು ನಿಲ್ಲದಿದ್ದರೆ ಗಾಲ್ಫ್ ಮಾತು ಬಿಟ್ಟು ಇದರ ಮಾತು ಶುರು ಮಾಡೋಣ ಅಂದೆ. ನಿಲ್ಲಿಸಿದರು. ಮನೆಯವರನ್ನು ಒಮ್ಮೆ ಕರೆಸಿ ಕೇಳಿ ಖಚಿತ ಮಾಡಿಕೊಂಡೆ, ಅದೂ ಇವರ ಎದುರಿಗೇ.

ವರಾಂಡದ ಭಯಕ್ಕೆ ಬೇರೆ ಉಪಾಯ ಬೇಕಾಯಿತು. ಮೊದಲೆರಡು ವಾರ ಯಾರೂ ಇಲ್ಲದ ಬುಧವಾರ, ಕೋಲುಗಳ ಚೀಲ ಹೊರುವ ಕ್ಯಾಡಿ ಹುಡುಗ ಒಬ್ಬನ ಜೊತೆ. ಆಮೇಲೆ ಒಬ್ಬ ಸ್ನೇಹಿತ. ಆಮೇಲೆ ಭಾನುವಾರ, ಆದರೆ ಡ್ರೈವರ್ ಅನ್ನುವ, ದೂರ ಹೊಡೆಯುವ ದೊಡ್ಡ ಕೋಲು ಬಿಟ್ಟು, ಸಣ್ಣ ಕೋಲಾದ ಐರನ್‌ನಲ್ಲಿ. ದೂರ ಹೋಗದಿದ್ದರೂ ಪರವಾಗಿಲ್ಲ. ಹೀಗೆ ಒಂದೊಂದೇ ಮೆಟ್ಟಿಲು. ಮೂರನೇ ಮೆಟ್ಟಿಲಲ್ಲಿ ಜಾರಿದರು. ಚೆಂಡು ಮತ್ತೆ ಬಲಕ್ಕೆ ಹೋಯಿತು, ಅವತ್ತು ಸಂಜೆ ಫೋನು ಮಾಡಿ "ಬಿಟ್ಟುಬಿಡ್ತೀನಿ" ಅಂದರು. "ಲಾಭ ಅಂದಿರಾ?" ಅಂತ ಕೇಳಿದೆ. ಮರೆತಿದ್ದರು. ಜೀಪು ಎಲ್ಲಿ ನಿಂತಿದೆ ಅಂತ ನೋಡುತ್ತಿದ್ದರಂತೆ.

ಒಟ್ಟು ಆರು ಭೇಟಿ. ನವೆಂಬರ್ ಕೊನೆಗೆ ಕೊಯ್ಲು ಜೋರಾಗಿ, ಬರುವುದು ನಿಂತಿತು. ವಾಸಿ ಆಯಿತು ಅಂತ ನಾನು ಬರೆದುಕೊಳ್ಳಲಿಲ್ಲ. 'ಮುಂದೆ ಕೇಳಬೇಕು' ಅಂತ ಬರೆದುಕೊಂಡೆ.

ಏಪ್ರಿಲ್ ಮೊದಲ ವಾರ ನಾನೇ ಫೋನು ಮಾಡಿದೆ. ಹತ್ತು ನಿಮಿಷ ಹೂಮಳೆ ವಿಷಯ. ಒಂದೇ ದಿನ ಒಂದೂವರೆ ಇಂಚು ಬಿದ್ದು ಇಡೀ ತೋಟ ಬೆಳ್ಳಗಾಗಿದೆ, ಹೂವಾದ ಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಒಂದು ಸಿಕ್ಕರೆ ಸಾಕು, ಮಗನೂ ಬಂದಿದ್ದಾನೆ, ಡ್ರೋನ್ ತಂದು ಹೂವಿನ ವಿಡಿಯೋ ಮಾಡುತ್ತಿದ್ದಾನೆ. ಗಾಲ್ಫ್ ಏನಾಯಿತು ಅಂತ ನಾನೇ ಕೇಳಬೇಕಾಯಿತು.

"ಹ್ಞಾ, ಆಡ್ತಾ ಇದೀನಿ. ಮೊನ್ನೆ ಭಾನುವಾರ ಎರಡು ಚೆಂಡು ಪೊದೆ ಒಳಗೆ ಹೋಯ್ತು. ಒಂದು ಸಿಕ್ತು" ಅಂದರು. "ತಡೀರಿ ಮೇಡಂ, ರೈಟರ್ ಕರೀತಾ ಇದಾನೆ. ಆಮೇಲೆ ಮಾಡ್ತೀನಿ."

ಮಾಡಲಿಲ್ಲ.